ನೆಗಡಿ ಬಂತೆಂದು ಮೂಗು ಕೊಯ್ಯಬೇಡಿ!



ಮೆಸೆಂಜರಿಗೂ ಆಂಟಿವೈರಸ್ಸಿಗೂ ಮೊದಲಿನಿಂದಲೂ ಎಣ್ಣೆ-ಸೀಗೇಕಾಯಿ ಸಂಬಂಧ. ಯಾಹೂ ಮೆಸೆಂಜರ್ 5050, ಎಮ್ಮೆಸ್ಸೆನ್ 1863 ಎಂದು ತಮ್ಮದೇ ಪೋರ್ಟುಗಳಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, ಫೈರ್‌ವಾಲ್ ಆ ಬಾಗಿಲು ಮುಚ್ಚಿತೆಂದರೆ ಊರಿನ ಸುದ್ದಿ ಬಂದ್! 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 ಫೈರ್‌ವಾಲನ್ನು ತಾನಾಗಿಯೇ ಆನ್ ಮಾಡಿತು. ಆಮೇಲೆ ಮಾತುಮಾತಿಗೂ 'ಅನ್‌ಬ್ಲಾಕ್ ಮಾಡಲೇ?' ಎಂಬ ಪ್ರಶ್ನೆ. ಯಾಹೂ ಮೆಸೆಂಜರ್ 2018ರಲ್ಲಿ, ಸ್ಕೈಪ್ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿದವು. ಈಗ ವಾಟ್ಸಾಪ್, ಜೂಮ್. ಜಗಳ ಮಾತ್ರ ಮುಗಿದಿಲ್ಲ.

ಇಂದಿನ ಜಗಳದ ಮೂಲ ಬೇರೆ. ಸಂದೇಶಗಳೆಲ್ಲ ಗೂಢಲಿಪಿಯಲ್ಲಿ ಹೋಗುತ್ತವೆ. ಅದರೊಳಗೆ ವೈರಸ್ ಇದೆಯೇ ಎಂದು ನೋಡಲು ಕೆಲವು ಆಂಟಿವೈರಸ್‌ಗಳು ನಡುವೆ ನಿಂತು, ತಮ್ಮದೇ ಸರ್ಟಿಫಿಕೇಟ್ ತೋರಿಸುತ್ತವೆ. ಅಂಚೆಯವನು ಕಾಗದ ಒಡೆದು ಓದಿ, ಮತ್ತೆ ಅಂಟಿಸಿ ತನ್ನ ಮುದ್ರೆ ಒತ್ತಿ ಕೊಟ್ಟ ಹಾಗೆ! ಮೆಸೆಂಜರ್ 'ಈ ಮುದ್ರೆ ನನಗೆ ಗೊತ್ತಿಲ್ಲ' ಎಂದು ಮುನಿಸಿಕೊಂಡು 'ಕನೆಕ್ಟಿಂಗ್...' ಎನ್ನುತ್ತಾ ಕೂರುತ್ತದೆ. ಇಬ್ಬರದೂ ತಪ್ಪಿಲ್ಲ, ತಮ್ಮ ತಮ್ಮ ಕೆಲಸ ಮಾಡುತ್ತಿದ್ದಾರೆ ಅಷ್ಟೆ.

ಬೇಸಿಗೆಯಲ್ಲಿ ರಾಬಿನ್ಸ್‌ವಿಲ್‌ನಲ್ಲಿ ಶನಿವಾರ ಬೆಳಗ್ಗೆ ಎಂಟಾದರೆ ಮೈಸೂರಿನಲ್ಲಿ ಸಂಜೆ ಐದೂವರೆ. ಮೊಮ್ಮಕ್ಕಳ ಮುಖ ನೋಡಲು ಅಜ್ಜಿ-ತಾತ ಲ್ಯಾಪ್‌ಟಾಪ್ ಮುಂದೆ ಕಾಯುತ್ತಿರುತ್ತಾರೆ. ಕಾಲ್ ಹೋಗುವುದಿಲ್ಲ. ಆಗ ನಮ್ಮಲ್ಲಿ ಬಹಳ ಜನ ಫೋನಿನಲ್ಲಿ ಹೇಳುವುದು ಒಂದೇ ಮಾತು: "ಅಪ್ಪಾ, ಆ ಆಂಟಿವೈರಸ್ ಆಫ್ ಮಾಡ್ಬಿಡಿ."

ಈ ಮಾತನ್ನು ನಾವು ಇಂದೇ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಕಾರಣ, ಮೋಸಗಾರರು ಹೇಳುವುದೂ ಇದನ್ನೇ! 'ನಾವು ಪೊಲೀಸರು, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ' ಎಂದು ವಿಡಿಯೋ ಕಾಲ್ ಮಾಡಿ ಹಿರಿಯರನ್ನು ಹೆದರಿಸುವ ದಂಧೆಯ ಬಗ್ಗೆ 2024ರ ಅಕ್ಟೋಬರ್ 27ರ 'ಮನ್ ಕೀ ಬಾತ್'ನಲ್ಲಿ ಪ್ರಧಾನಿಯವರೇ ಎಚ್ಚರಿಸಿದರು. ಭಾರತದ ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ಫೋನಿನಲ್ಲಿ ಯಾರೋ ಹೇಳಿದರೆಂದು ಕಾವಲು ತೆಗೆಯುವ ಅಭ್ಯಾಸವನ್ನು ನಾವೇ ಕಲಿಸಿದರೆ, ಮಗನ ದನಿಗೂ ಕಳ್ಳನ ದನಿಗೂ ಏನು ವ್ಯತ್ಯಾಸ?

ಅದರ ಬದಲು, ಈ ಕ್ರಮದಲ್ಲಿ ನೋಡಿ:

1. ಕಂಪ್ಯೂಟರಿನ ದಿನಾಂಕ, ಸಮಯ ಸರಿಯಿದೆಯೇ? ತಪ್ಪಿದ್ದರೆ ಸರ್ಟಿಫಿಕೇಟ್ ಒಪ್ಪಿಗೆಯಾಗುವುದಿಲ್ಲ.
2. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕಾಲ್ ಹೋದರೆ ತೊಂದರೆ ಬಹುಶಃ ಮನೆಯ ರೂಟರಿನದು, ಆಂಟಿವೈರಸ್ಸಿನದಲ್ಲ.
3. ಎರಡು ಆಂಟಿವೈರಸ್ ಇವೆಯೇ? ಒಂದು ತೆಗೆಯಿರಿ, ಒಂದೇ ಒರೆಗೆ ಎರಡು ಕತ್ತಿ ಸಲ್ಲದು. ಅಮೆರಿಕದಲ್ಲಿ ಕ್ಯಾಸ್ಪರ್‌ಸ್ಕೀ ಅಪ್‌ಡೇಟ್‌ಗಳಿಗೆ 2024ರ ಸೆಪ್ಟೆಂಬರ್ 29ರಿಂದ ನಿಷೇಧವಿದೆ. ಇಲ್ಲಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದರೆ ಅದನ್ನೇ ಮೊದಲು ತೆಗೆಯಿರಿ.
4. ಮೆಸೆಂಜರ್, ಆಂಟಿವೈರಸ್ ಎರಡನ್ನೂ ಅಪ್‌ಡೇಟ್ ಮಾಡಿ.
5. ಆಮೇಲೂ ಆಗದಿದ್ದರೆ ಫೈರ್‌ವಾಲಿನಲ್ಲಿ ಆ ಒಂದು ಆಪ್‌ಗೆ, ಎಚ್‌ಟಿಟಿಪಿಎಸ್ ಸ್ಕ್ಯಾನಿಂಗಿನಲ್ಲಿ ಆ ಒಂದು ತಾಣಕ್ಕೆ ಮಾತ್ರ ವಿನಾಯಿತಿ ಕೊಡಿ. ಒಬ್ಬ ನೆಂಟನಿಗೆ ಬಾಗಿಲು ತೆರೆದರೆ ಸಾಕು, ಕಾಂಪೌಂಡ್ ಗೋಡೆ ಒಡೆಯಬೇಕಿಲ್ಲ!

ಇದಕ್ಕೆಲ್ಲ ಅರ್ಧ ಗಂಟೆ ಹಿಡಿಯಬಹುದು. ಅಷ್ಟು ಹೊತ್ತು ಮಾಮೂಲಿ ಫೋನಿನಲ್ಲೇ ಮಾತಾಡಿ, ಅಡ್ಡಿಯಿಲ್ಲ. ಊರಿಗೆ ಹೋದಾಗ ನಿಮ್ಮ ಕೈಯಾರೆ ಸರಿಮಾಡಿ. 'ಫೋನಿನಲ್ಲಿ ಯಾರು ಹೇಳಿದರೂ, ನಾನೇ ಹೇಳಿದರೂ, ಆಂಟಿವೈರಸ್ ಆಫ್ ಮಾಡಬೇಡಿ' ಎಂದು ಒಂದು ಚೀಟಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿ ಬನ್ನಿ. ಕೆಳಗೆ ಸೈಬರ್ ವಂಚನೆಯ ಸಹಾಯವಾಣಿ 1930 ಎಂದೂ ಬರೆಯಿರಿ.

ನೀವೇನಂತೀರಿ? ಬರೆದು ತಿಳಿಸಿ.

ಸಿರಿಗನ್ನಡಂ ಗೆಲ್ಗೆ!

- ರಾಬಿನ್ಸ್‌ವಿಲ್‌ನಿಂದ ಒಬ್ಬ ಸಾಫ್ಟ್‌ವೇರ್ ಕನ್ನಡಿಗ