ನೆನಪಿನ ಬಡ್ಡಿ ತಿಂದು ಬದುಕುವ ತಂಡ

ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡ ವರ್ಲ್ಡ್ ಸೀರೀಸ್ ಗೆದ್ದಿರುವುದು ಐದು ಸಲ, ಕೊನೆಯದು 1979ರಲ್ಲಿ. 1993ರಿಂದ 2012ರವರೆಗೆ ಸತತ 20 ವರ್ಷ ಗೆಲುವಿಗಿಂತ ಸೋಲೇ ಹೆಚ್ಚು ಕಂಡ ದಾಖಲೆಯೂ ಇದರದ್ದೇ. ಹಾಸನ ಬಿಟ್ಟು ಈ ಅಮೆರಿಕನ್ ಊರಿನಲ್ಲಿ ನೆಲೆಸಿದ ನಾನು, ಆಟ ಸರಿಯಾಗಿ ಅರ್ಥವಾಗುವ ಮೊದಲೇ ತಂಡದ ಕಥೆಗಳಿಗೆ ಮರುಳಾದೆ. ಮಾಲೀಕರು ನನ್ನಂಥವರಿಗೆ ಟಿಕೆಟ್ ಮಾರುವುದು ಆ ಕಥೆಗಳ ಬಲದಿಂದಲೇ. ನನ್ನ ತಕರಾರೂ ಅದರ ಬಗ್ಗೆಯೇ.

ತಂಡದ ಹಳೆಯ ಫೋರ್ಬ್ಸ್ ಫೀಲ್ಡ್ ಮೈದಾನ ಈಗಿಲ್ಲ. ವಿಶ್ವವಿದ್ಯಾಲಯದ ಕಟ್ಟಡಗಳ ನಡುವೆ ಅದರ ಇಟ್ಟಿಗೆ ಗೋಡೆಯ ಒಂದು ಭಾಗ ಮಾತ್ರ ಉಳಿದಿದೆ. ಪ್ರತಿ ಅಕ್ಟೋಬರ್ 13ರಂದು ಜನ ಅಲ್ಲಿ ಸೇರಿ, 1960ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದ ರೇಡಿಯೊ ಕಾಮೆಂಟರಿ ಕೇಳುತ್ತಾರೆ. 1985ರಲ್ಲಿ ಅಭಿಮಾನಿಯೊಬ್ಬರು ಒಬ್ಬರೇ ಕೂತು ಟೇಪ್ ಕೇಳಿದ್ದರಿಂದ ಶುರುವಾದ ರೂಢಿ ಇದು. ಆ ಸೀರೀಸ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಗಳಿಸಿದ್ದು ಒಟ್ಟು 55 ರನ್, ಪೈರೇಟ್ಸ್ ಬರೀ 27. ಆದರೂ ಆರು ಪಂದ್ಯ ಮುಗಿದಾಗ ಗೆಲುವು 3–3 ಸಮ. ಕೊನೆಯ ಪಂದ್ಯದ ಒಂಬತ್ತನೇ ಇನಿಂಗ್ಸ್‌ನಲ್ಲಿ ಸ್ಕೋರ್ 9–9. ಬ್ಯಾಟಿಂಗ್‌ಗಿಂತ ಫೀಲ್ಡಿಂಗ್‌ಗೇ ಹೆಸರಾಗಿದ್ದ ಬಿಲ್ ಮ್ಯಾಝರಾಸ್ಕಿ, ರಾಲ್ಫ್ ಟೆರಿ ಅವರ ಎರಡನೇ ಎಸೆತವನ್ನು ಗೋಡೆಯಾಚೆ ಅಟ್ಟಿ ಪೈರೇಟ್ಸ್‌ ತಂಡವನ್ನು ಗೆಲ್ಲಿಸಿದರು. ಕಾಮೆಂಟರಿಯನ್ನು ಮಧ್ಯಾಹ್ನ 1.05ಕ್ಕೇ ಹಚ್ಚುವುದರಿಂದ, ಅಂದಿನಂತೆಯೇ ಸರಿಯಾಗಿ 3.36ಕ್ಕೆ ಆ ಹೋಮ್ ರನ್ ಬರುತ್ತದೆ. ಫಲಿತಾಂಶ ಬಾಯಿಪಾಠವಾಗಿರುವ ಜನ ಎದ್ದು ನಿಂತು ಕೇಕೆ ಹಾಕುತ್ತಾರೆ.

ಇನ್ನೊಂದು ಕಥೆ ರೊಬೆರ್ಟೊ ಕ್ಲೆಮೆಂಟೆ ಅವರದು. ಅವರು ಪೋರ್ಟೊ ರಿಕೊದವರು. 1955ರಿಂದ 18 ಋತು ಆಡಿದ್ದು ಇದೊಂದೇ ತಂಡಕ್ಕೆ. ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಪತ್ರಿಕೆಗಳು ಇದ್ದ ಹಾಗೆಯೇ ಅಚ್ಚು ಹಾಕಿ ಗೇಲಿ ಮಾಡುತ್ತಿದ್ದವು. 1971ರ ವರ್ಲ್ಡ್ ಸೀರೀಸ್ ಗೆದ್ದಾಗ ಅವರು ಟಿವಿ ಮೈಕಿನ ಮುಂದೆ ಮೊದಲು ಮಾತಾಡಿದ್ದು ಸ್ಪ್ಯಾನಿಷ್‌ನಲ್ಲಿ. ಕೇಳಿದ್ದು ಅಪ್ಪ ಅಮ್ಮನ ಆಶೀರ್ವಾದ. ಮರುವರ್ಷ 3,000ನೇ ಹಿಟ್ ಹೊಡೆದರು. ಅದೇ ಡಿಸೆಂಬರ್‌ನಲ್ಲಿ ನಿಕರಾಗುವಾದಲ್ಲಿ ಭೂಕಂಪವಾಯಿತು. ತಾವು ಕಳಿಸಿದ ಪರಿಹಾರ ಸಾಮಗ್ರಿ ಸಂತ್ರಸ್ತರ ಕೈ ಸೇರುತ್ತಿಲ್ಲ ಎಂದು ಗೊತ್ತಾಗಿ, ತಾವೇ ವಿಮಾನ ಹತ್ತಿದರು. ಡಿಸೆಂಬರ್ 31ರ ರಾತ್ರಿ, ಮಿತಿಮೀರಿ ಹೊರೆ ತುಂಬಿದ್ದ ಆ ವಿಮಾನ ಸಮುದ್ರಕ್ಕೆ ಬಿತ್ತು. ದೇಹ ಸಿಗಲೇ ಇಲ್ಲ.

ಈ ತಂಡದ ಚರಿತ್ರೆಯಲ್ಲಿ ನನಗೆ ಹಿಡಿಸುವುದು ಎದೆಗಾರಿಕೆ. 1971ರ ಸೆಪ್ಟೆಂಬರ್ 1ರಂದು ಮೇಜರ್ ಲೀಗ್‌ನಲ್ಲಿ ಮೊದಲ ಬಾರಿಗೆ ಒಂಬತ್ತಕ್ಕೆ ಒಂಬತ್ತೂ ಕಪ್ಪು ಮತ್ತು ಲ್ಯಾಟಿನೊ ಆಟಗಾರರನ್ನು ಕಣಕ್ಕಿಳಿಸಿದ್ದು ಪೈರೇಟ್ಸ್. 2008ರಲ್ಲಿ ಉತ್ತರ ಪ್ರದೇಶದ ಜಾವೆಲಿನ್ ಹುಡುಗರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರೊಂದಿಗೆ ಒಪ್ಪಂದ ಮಾಡಿಕೊಂಡದ್ದೂ ಇದೇ ತಂಡ. ಅವರು ಮೇಜರ್ ಲೀಗ್‌ವರೆಗೆ ಏರಲಿಲ್ಲ, ಆದರೆ ಬಾಗಿಲು ತೆರೆದಿತ್ತು.

ಈಗ? ಆಟಗಾರರಿಗೆ ಕಡಿಮೆ ಖರ್ಚು ಮಾಡುವ ತಂಡಗಳ ಸಾಲಿನಲ್ಲಿ ಪೈರೇಟ್ಸ್ ಹೆಸರು ತಪ್ಪುವುದಿಲ್ಲ. ಇಂದಿನ ಪಿಎನ್‌ಸಿ ಪಾರ್ಕ್‌ನಲ್ಲಿ ರೈಟ್ ಫೀಲ್ಡ್ ಗೋಡೆಯ ಎತ್ತರ 21 ಅಡಿ, ಕ್ಲೆಮೆಂಟೆ ಜೆರ್ಸಿ ಸಂಖ್ಯೆಯ ಗೌರವಕ್ಕೆ. 2025ರಲ್ಲಿ ಅದೇ ಗೋಡೆಯ ಮೇಲಿದ್ದ 21ರ ಲಾಂಛನ ತೆಗೆದು ಮದ್ಯದ ಜಾಹೀರಾತು ಹಾಕಿದರು. ಅಭಿಮಾನಿಗಳೂ ಕ್ಲೆಮೆಂಟೆ ಮನೆಯವರೂ ಸಿಟ್ಟಾದ ಮೇಲಷ್ಟೇ ಅದು ಮರಳಿ ಬಂತು. ಹಿರಿಯರು ಇಟ್ಟ ಠೇವಣಿಗೆ ತಾವು ಒಂದು ಕಾಸೂ ಸೇರಿಸದೆ ಬಡ್ಡಿ ಮಾತ್ರ ಎಣಿಸಿಕೊಳ್ಳುವ ನಡೆ ಇದು.

ಅದೇ ವರ್ಷ ತಂಡದ ಪಿಚರ್ ಪಾಲ್ ಸ್ಕೀನ್ಸ್, ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನು ಸರ್ವಾನುಮತದಿಂದ ಪಡೆದರು. ಅವರ ಲೆಕ್ಕದಲ್ಲಿ ಬರೆದದ್ದು 10 ಗೆಲುವು, 10 ಸೋಲು. ಜೊತೆಯವರು ರನ್ ಗಳಿಸಿಕೊಡದಿದ್ದರೆ ಎಂಥ ಎಸೆತಗಾರನೂ ಏನು ಮಾಡಿಯಾನು?

ಪ್ರತಿಮೆ, ಸ್ಮರಣೆಯ ದಿನ ಎಲ್ಲವೂ ಇರಲಿ. ಆದರೆ ಕ್ಲೆಮೆಂಟೆಗೆ ನಿಜವಾದ ಗೌರವ ಸಲ್ಲಬೇಕಾದರೆ ಸ್ಕೀನ್ಸ್ ಬೆನ್ನಿಗೆ ಒಳ್ಳೆಯ ಬ್ಯಾಟರ್‌ಗಳು ನಿಲ್ಲಬೇಕು, ಅದಕ್ಕೆ ದುಡ್ಡು ಬಿಚ್ಚಬೇಕು. ಅದು ಆಗದಿದ್ದರೆ ತಂಡವನ್ನು ಮಾರಿಬಿಡಿ ಎಂದು ಗ್ಯಾಲರಿಯಲ್ಲಿ ಏಳುವ ಕೂಗಿಗೆ ನನ್ನ ದನಿಯೂ ಸೇರುತ್ತದೆ.