ತುಕ್ಕು ತಿಂದ ತಗಡೂ ಗೃಹಸ್ಥನ ಅಧಿಕಾರವೂ

ಹಳೆಯ ಕಾರನ್ನು ಮನೆಯಂಗಳದಲ್ಲಿಯೇ ಬಿಚ್ಚಿ, ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಕೂಡಿಸಲು ಹೊರಟ ಗೃಹಸ್ಥನನ್ನು ಕಂಡು, ಅದು ಕಾಲಹರಣವೆಂದು ಕೆಲವರೂ, ಟಿಂಕರ್ ಕೆಲಸದವನ ಅನ್ನಕ್ಕೆ ಕಲ್ಲು ಹಾಕುವುದೆಂದು ಮತ್ತೆ ಕೆಲವರೂ ಆಕ್ಷೇಪಿಸುವುದುಂಟು. ತನ್ನ ವಸ್ತುವನ್ನು ತಾನೇ ದುರಸ್ತಿಗೊಳಿಸುವ ಅಧಿಕಾರವು ಮನುಷ್ಯನಿಗೆ ಎಲ್ಲಿಯವರೆಗೆ ಸಲ್ಲುವುದೆಂಬ ಪ್ರಶ್ನೆಯನ್ನು ವಿಚಾರಿಸದೆ ಈ ಆಕ್ಷೇಪಗಳಿಗೆ ಉತ್ತರ ದೊರೆಯಲಾರದು.

ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಭತ್ತದ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನಿಲ್ಲುವುದರಿಂದ, ಅಲ್ಲಿ ಓಡಾಡುವ ಗಾಡಿಗಳ ಅಡಿಗೆ ಮೆತ್ತಿದ ಎರೆಮಣ್ಣು ಒಣಗಲು ಅವಕಾಶವೇ ಕಡಿಮೆ. ಗೊಬ್ಬರದ ಚೀಲಗಳಿಂದ ಉದುರಿದ ಲವಣಾಂಶವೂ ಅದರೊಡನೆ ಕೂಡಿತೆಂದರೆ, ಲಿಂಗಸುಗೂರಿನ ಒಣಹೊಲಗಳ ನಡುವೆ ಬಹುಕಾಲ ಬಾಳಬಹುದಾಗಿದ್ದ ತಗಡು ಇಲ್ಲಿ ಬೇಗನೆ ಜಂಗು ಹಿಡಿಯುವುದು. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚಿನ ಸ್ಥಳವನ್ನು ಬೇಡುವುದಾದ್ದರಿಂದ ಬಣ್ಣವನ್ನು ಅಡಿಯಿಂದಲೇ ಎತ್ತುತ್ತದೆ. ಹೊರಗೆ ಬೊಬ್ಬೆ ಕಾಣುವ ಹೊತ್ತಿಗೆ ಒಳಗಿನ ನಾಶವು ಬಹುದೂರ ಸಾಗಿರುತ್ತದೆ. ಬಾಗಿಲ ಕೆಳಅಂಚಿನಲ್ಲಿ ನೀರು ಹರಿದುಹೋಗಲೆಂದು ಬಿಟ್ಟ ಸಣ್ಣ ರಂಧ್ರಗಳು ಧೂಳಿನಿಂದ ಮುಚ್ಚಿದವೆಂದರೆ, ಒಳಮಡಿಕೆಯಲ್ಲಿ ನಿಂತ ನೀರು ತಗಡನ್ನು ಕಾಗದದಷ್ಟು ತೆಳುವಾಗಿಸುವುದು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಗಟ್ಟಿಯಾದ ತಗಡು ನಾದಗೈಯುವುದು. ಕೊಳೆತದ್ದು ಸದ್ದಿಲ್ಲದೆ ಒಳಕ್ಕೆ ಕುಸಿಯುವುದು.

ಇಂತಹ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದನ್ನು ನಾನು ದುರಸ್ತಿಯೆಂದು ಒಪ್ಪಲಾರೆ. ಹೊಳೆಯುವ ಲೋಹ ಕಾಣುವವರೆಗೆ ಕತ್ತರಿಸುವುದೇ ಯುಕ್ತಮಾರ್ಗವು. ಆದರೆ ಅದಕ್ಕೆ ಬೇಕಾದುದು ಕಾಲ. ಗುತ್ತಿಗೆಯ ಲೆಕ್ಕದಲ್ಲಿ ದುಡಿಯುವವನಿಗೆ ದುರ್ಲಭವಾದ ಆ ಕಾಲವು ಮಾಲೀಕನಲ್ಲಿದೆ. ಬೋಲ್ಟುಗಳಿಂದ ಬಿಗಿದ ಮಡ್‌ಗಾರ್ಡು, ಬಾಗಿಲು, ಬಾನೆಟ್ಟುಗಳನ್ನು ಅವನು ತಾನೇ ಬದಲಿಸುವುದರಲ್ಲಿ ನನಗೆ ದೋಷವೇನೂ ಕಾಣದು.

ಆದೊಡೆ ಎಲ್ಲ ತಗಡೂ ಬರಿಯ ಹೊದಿಕೆಯಲ್ಲ. ಜೀಪಿನಲ್ಲಿ ಭಾರ ಹೊರುವುದು ಚಾಸಿ. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಲ್ಲಿಯಾದರೋ ಪ್ರತ್ಯೇಕ ಚಾಸಿಯೇ ಇಲ್ಲದುದರಿಂದ, ಬಾಗಿಲಡಿಯ ಪಟ್ಟಿ, ನೆಲದ ತಗಡು, ಸಸ್ಪೆನ್ಷನ್ ಕೂಡುವ ಎಡೆಗಳೇ ಆ ಭಾರವನ್ನು ಹೊರುತ್ತವೆ. ಎಂತಹ ಕೆಲಸವನ್ನು ಪರಿಣತನಿಗೆ ಬಿಡಬೇಕೆಂಬುದಕ್ಕೆ ಹಳೆಯ ನಿದರ್ಶನವೊಂದುಂಟು. ಸಿಂಧನೂರು, ಲಿಂಗಸುಗೂರುಗಳ ಸೀಮೆಯದೇ ಆದ ಮಸ್ಕಿಯಲ್ಲಿ 1954ರಲ್ಲಿ ನಡೆದ ಉತ್ಖನನವು ಬೃಹತ್‌ಶಿಲಾಯುಗದ ಜನರ ಕಬ್ಬಿಣದ ಬಳಕೆಯನ್ನು ತೋರಿಸಿತಷ್ಟೆ. ಅಷ್ಟು ಪ್ರಾಚೀನವಾದ ಲೋಹಪರಿಚಯವುಳ್ಳ ಈ ಸೀಮೆಯಲ್ಲಿಯೂ ಒಕ್ಕಲಿಗನು ಕುಂಟೆಯ ಮೇಳಿಯನ್ನು ತಾನೇ ಕೂಡಿಸಿಕೊಂಡರೂ, ಕುಡವನ್ನು ತಟ್ಟಿಸಲು ಕಮ್ಮಾರನ ಕುಲುಮೆಗೇ ಒಯ್ಯುತ್ತಿದ್ದನು. ಅದೇ ವಿವೇಕವು ಇಲ್ಲಿಯೂ ಸಲ್ಲುವುದು. ತೆಳುತಗಡಿನ ಬೆಸುಗೆಯು ಮೇಲೆ ಅಂದವಾಗಿ ಕಂಡರೂ ಒಳಗೆ ಹಿಡಿದಿರದೆ ಹೋಗಬಹುದು. ಅದರ ಬೆಲೆಯನ್ನು ತೆರುವವರು ಹಿಂದಿನ ಸೀಟಿನ ಮಕ್ಕಳೂ ಎದುರಿನಿಂದ ಬರುವ ದಾರಿಹೋಕರೂ ಆಗಬಹುದು. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸುವ ಮುನ್ನ ಕಾನೂನು ಕ್ಷಮತಾಪತ್ರವನ್ನು ಕೇಳುವುದು ಈ ಪರರ ಸಲುವಾಗಿಯೇ. ಆದುದರಿಂದ ಭಾರ ಹೊರುವ ಎಡೆಗಳಲ್ಲಿ ನುರಿತ ಟಿಂಕರನಿಗೆ ಅವನು ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡತಕ್ಕದ್ದು.

ಅಲ್ಲಿಯೂ ಗೃಹಸ್ಥನಿಗೆ ಕೆಲಸವಿಲ್ಲದಿಲ್ಲ. ಸೀಟು, ನೆಲಹಾಸುಗಳನ್ನು ತೆಗೆದು, ಬ್ಯಾಟರಿಯ ತಂತಿ ಕಳಚಿ, ಬೆಸುಗೆಯ ಎಡೆ ಪೆಟ್ರೋಲ್ ಟ್ಯಾಂಕಿಗೆ ಸಮೀಪವಾಗಿದ್ದರೆ ಟ್ಯಾಂಕನ್ನೂ ಇಳಿಸಿಡಬೇಕು. ಬೆಸುಗೆ ತಣಿದ ಬಳಿಕ ಹೊರಗೆ ಪ್ರೈಮರನ್ನೂ, ಕಣ್ಣಿಗೆ ಬೀಳದ ಪೊಳ್ಳಿನೊಳಕ್ಕೆ ಮೇಣ ಬೆರೆತ ಎಣ್ಣೆಯನ್ನೂ ಹೊಡೆಯಬೇಕು. ಬೆಂಕಿಯಿಂದ ಬಣ್ಣ ಸುಟ್ಟ ಒಳಮೈ ಮೊದಲು ತುಕ್ಕು ಹಿಡಿಯುವುದು ಅಲ್ಲಿಯೇ.