ಕ್ಯಾಮೆರಾ ಓಡಿಸಬೇಡಿ, ಕೆಲಸಕ್ಕೆ ಹಚ್ಚಿ

ಹಳೆಯ ಕಟ್ಟಡದ ಮುಂದೆ ಕ್ಯಾಮೆರಾ ಹಿಡಿದು ನಿಂತವರು ಕಾವಲಿನವರಿಗೆ ಕಿರಿಕಿರಿ, ಭಕ್ತರಿಗೆ ಅಪಚಾರ, ಹಿರಿಯರಿಗೆ ರೀಲ್ಸ್ ಹುಚ್ಚು. ಹೀಗಾಗಿ ಎಲ್ಲೇ ತಂಟೆಯಾದರೂ ಮೊದಲು ಕೇಳಿಬರುವ ಬೇಡಿಕೆ: ಕ್ಯಾಮೆರಾ ಬಂದ್ ಮಾಡಿ. 2023ರ ಜುಲೈನಲ್ಲಿ ಮುಜರಾಯಿ ಇಲಾಖೆಯ ದೇವಸ್ಥಾನಗಳೊಳಗೆ ಮೊಬೈಲ್ ಬಳಕೆ ನಿಷೇಧಿಸಿದಾಗ ಬಹಳ ಜನ ಶಹಬ್ಬಾಸ್ ಎಂದರು. ಪೂಜೆಯ ಹೊತ್ತಿನಲ್ಲಿ, ಗರ್ಭಗುಡಿಯ ಎದುರಿಗೆ ಫೋನು ಬೇಡ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಅದೇ ಗುಡಿಯ ನವರಂಗದ ಕಂಬಕ್ಕೂ, ಹೊರಗೋಡೆಯ ಶಿಲ್ಪಕ್ಕೂ, ಅಂಗಳದ ಶಾಸನಕ್ಕೂ ಅದೇ ಬೀಗ ಹಾಕಿದರೆ ಮಾತ್ರ ಒಪ್ಪಲಾರೆ. ನಮ್ಮ ಕಲಬುರಗಿ ಸೀಮೆಯ ಸ್ಮಾರಕಗಳಿಗೆ ಫೋಟೊ ಹೆಚ್ಚಾಗಿ ಏನೂ ಕೇಡಾಗಿಲ್ಲ. ಕೇಡಾಗಿರುವುದು ಯಾರೂ ತೆಗೆಯದಿದ್ದುದರಿಂದ.

ಯಡ್ರಾಮಿಯಿಂದ ಕಲಬುರಗಿ ಬಸ್ ಹತ್ತಿದವರು ಜೇವರ್ಗಿ ಬಿಟ್ಟು, ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮೆಯನ್ನು ದಾಟಿದರೆ ಫಿರೋಜಾಬಾದ್ ಸಮೀಪಿಸುತ್ತದೆ. ಬಹಮನಿ ಸುಲ್ತಾನ ಫಿರೋಜ್ ಶಾಹ 1400ರಲ್ಲಿ ಹೊಳೆದಂಡೆಗೆ ಕಟ್ಟಿಸಿದ ಅರಮನೆಯ ಊರು ಅದು. ಮೂರು ಕಡೆ ದಪ್ಪ ಕಲ್ಲಿನ ಕೋಟೆಗೋಡೆ, ನಾಲ್ಕನೆಯ ಕಡೆಗೆ ನದಿ. ಒಳಗೆ ದೊಡ್ಡ ಮಸೀದಿ, ಹಮ್ಮಾಮು, ಕಮಾನಿನ ಸಭಾಂಗಣಗಳ ಅವಶೇಷ, ನಡುನಡುವೆ ಹೊಲ. ಜಾರ್ಜ್ ಮಿಶೆಲ್ ಮತ್ತು ರಿಚರ್ಡ್ ಈಟನ್ ಈ ಊರಿನ ಅಳತೆ, ನಕ್ಷೆ ತೆಗೆದು 1992ರಲ್ಲಿ ಪುಸ್ತಕ ತಂದರು. ಅದಾಗಿ ಮೂರು ದಶಕ ದಾಟಿವೆ. ಈ ಅವಧಿಯಲ್ಲಿ ಯಾವ ಕಮಾನಿನ ಕಲ್ಲು ಜಾರಿತು, ಯಾವ ಗುಮ್ಮಟದ ನೆತ್ತಿಯಲ್ಲಿ ಆಲದ ಬೇರು ಇಳಿಯಿತು ಎಂದು ಕೇಳಿದರೆ, ಇಸವಿ ಸಮೇತ ಫೋಟೊ ತೆಗೆದು ತೋರಿಸುವವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಸಿಗುತ್ತಾರೆ?

ಹಂಪಿಯ ಮಾತು ಬೇರೆ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪದ ಒಂದು ಭಾಗ ಕುಸಿಯಿತು. ಅದು ಮೊದಲು ಹೇಗಿತ್ತು ಎಂದು ತಿಳಿಯಲು ಯಾರೂ ತಡಕಾಡಬೇಕಿಲ್ಲ, ಪ್ರವಾಸಕ್ಕೆ ಹೋಗಿಬಂದವರ ಫೋನಿನಲ್ಲೇ ಅದರ ಚಿತ್ರವಿದೆ. ಅದೇ ಮಳೆ ಫಿರೋಜಾಬಾದಿನ ಗೋಡೆಯೊಂದನ್ನು ಕೆಡವಿದ್ದರೆ ಅದು ಸುದ್ದಿಯೂ ಆಗುತ್ತಿರಲಿಲ್ಲ. ಬಿದ್ದ ಕಲ್ಲು ಯಾರದೋ ಬದುವಿಗೆ ಹೋಗಿ, ಮುಂದಿನ ವರ್ಷ ಅಲ್ಲಿ ತೊಗರಿ ಬಿತ್ತಿರುತ್ತಿದ್ದರು.

ಕ್ಯಾಮೆರಾ ಈ ನಾಡಿನ ಸ್ಮಾರಕಗಳ ಹತ್ತಿರ ಬಂದಿದ್ದೇ ದಾಖಲೆಗಾಗಿ. 1855ರಲ್ಲಿ ಮುಂಬಯಿ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಮರುವರ್ಷ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೈನಿಕ ಮೇಣ ಬಳಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಹಿಡಿದ. ಅವನು ತೆಗೆದ ಎಷ್ಟೋ ನೋಟಗಳು ಇಂದು ಬದಲಾಗಿವೆ. ಅಂದಿನ ಹಂಪಿ ಕಾಣಬೇಕೆಂದರೆ ಅವನ ಚಿತ್ರಗಳೇ ಗತಿ. ಬಿಗ್ಸ್ ತೆಗೆದ ವಿಜಯಪುರದ ಚಿತ್ರಗಳು 1866ರಲ್ಲಿ ಪುಸ್ತಕವಾದಾಗ ಅದಕ್ಕೆ ಇತಿಹಾಸ ಬರೆದುಕೊಟ್ಟವನು ಮೆಡೋಸ್ ಟೇಲರ್. ನಮ್ಮ ಪಕ್ಕದ ಸುರಪುರದ ಆಡಳಿತ ನೋಡಿಕೊಂಡಿದ್ದ, ಜೇವರ್ಗಿ ಬಳಿಯ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು ನೋಡಿದ್ದ ಅದೇ ಟೇಲರ್. ಆಳುವವರು ಅದನ್ನು ಯಾವ ಉದ್ದೇಶಕ್ಕಾದರೂ ಮಾಡಿರಲಿ, ಉಳಿದದ್ದು ನಮಗೆ ದಕ್ಕಿತು. ಇಂದು ಅದೇ ಕೆಲಸವನ್ನು ನಮ್ಮ ಹುಡುಗರು ಸಂಬಳವಿಲ್ಲದೆ, ಭಾನುವಾರದ ಖುಷಿಗಾಗಿ ಮಾಡುತ್ತೇವೆ ಎನ್ನುವಾಗ ನಾವು ಅವರಿಗೆ ಸೀಟಿ ಊದುತ್ತಿದ್ದೇವೆ.

ಕೇಂದ್ರದ ಪುರಾತತ್ವ ಇಲಾಖೆ ತನ್ನ ಸ್ಮಾರಕಗಳಲ್ಲಿ ಫೋಟೊ ನಿರ್ಬಂಧವನ್ನು 2018ರ ಜುಲೈನಲ್ಲಿ ಸಡಿಲಿಸಿತು. ಅಜಂತಾ, ಲೇಹ್ ಅರಮನೆ, ತಾಜಮಹಲಿನ ಗೋರಿಯ ಕೋಣೆ ಬಿಟ್ಟು ಉಳಿದೆಡೆ ತೆಗೆಯಬಹುದು ಎಂದಿತು. ಒಳ್ಳೆಯ ಕೆಲಸ. ಟ್ರೈಪಾಡ್‌ಗೆ ಮಾತ್ರ ಇಂದಿಗೂ ಮುಂಗಡ ಅನುಮತಿ ಬೇಕು. ಇದು ಚಿಕ್ಕ ಸಂಗತಿಯಲ್ಲ. ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿ, 1422ರಲ್ಲಿ ತೀರಿಕೊಂಡ ಫಿರೋಜ್ ಶಾಹನ ಜೋಡಿ ಗುಮ್ಮಟದ ಗೋರಿಯೊಳಗೆ ಹೋಗಿ ನೋಡಿ. ಗಚ್ಚಿನಲ್ಲಿ ಕಡೆದ ಬಳ್ಳಿ, ಪದಕಗಳ ಉಬ್ಬುತಗ್ಗು ಕಾಣಬೇಕಾದರೆ ಬಾಗಿಲಿಂದ ಓರೆಯಾಗಿ ಬರುವ ಬೆಳಕೊಂದೇ ಆಸರೆ. ಫ್ಲಾಷ್ ಹೊಡೆದರೆ ನೆರಳು ಸತ್ತು ಗೋಡೆ ಚಪ್ಪಟೆಯಾಗುತ್ತದೆ. ಇದ್ದ ಬೆಳಕಿನಲ್ಲೇ ಕೈಯಲ್ಲಿ ಹಿಡಿದು ತೆಗೆದರೆ ಒಂದೋ ಚಿತ್ರ ಅಲುಗುತ್ತದೆ, ಇಲ್ಲವೇ ಕಾಳುಕಾಳಾಗಿ ಗಚ್ಚಿನ ಬಿರುಕೇ ಕಾಣುವುದಿಲ್ಲ. ಎರಡು ಮೂರು ಸೆಕೆಂಡು ಶಟರ್ ತೆರೆದಿಟ್ಟು, ಅಲುಗದಂತೆ ಹಿಡಿದುಕೊಳ್ಳುವ ಸ್ಟ್ಯಾಂಡ್ ಬೇಕೇ ಬೇಕು. ಸಿನಿಮಾ ತಂಡಕ್ಕೂ ಹವ್ಯಾಸಿಗೂ ಒಂದೇ ಕಟ್ಟಳೆ ಹೇರಿದರೆ ಸಿನಿಮಾದವರು ಹಣ ಕಟ್ಟಿ ಒಳಗೆ ಹೋಗುತ್ತಾರೆ, ಹವ್ಯಾಸಿ ಗೇಟಿನಿಂದ ಹಿಂದಿರುಗುತ್ತಾನೆ.

ವಿರೋಧಿಸುವವರ ವಾದದಲ್ಲಿ ಹುರುಳಿಲ್ಲವೆಂದಲ್ಲ. 2019ರ ಆರಂಭದಲ್ಲಿ ಹಂಪಿಯಲ್ಲಿ ಯುವಕರು ಕಂಬ ಉರುಳಿಸಿದ ವಿಡಿಯೊ ದೇಶವೆಲ್ಲ ಓಡಾಡಿತು. ಕ್ಯಾಮೆರಾ ಎದುರಿಗೆ ಮೆರೆಯುವ ಚಟವೇ ಅಂಥದ್ದಕ್ಕೆ ಕುಮ್ಮಕ್ಕು ಎಂದವರು ಸುಳ್ಳು ಹೇಳಲಿಲ್ಲ. ಆದರೆ ಅವರು ಸಿಕ್ಕಿಬಿದ್ದದ್ದೂ ಅದೇ ವಿಡಿಯೊದಿಂದ. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಕಂಬವನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಿತು. ಚಿತ್ರ ಹರಡಿದರೆ ನಿಧಿಗಳ್ಳರಿಗೆ, ವಿಗ್ರಹ ಕಳ್ಳರಿಗೆ ದಾರಿ ತೋರಿದಂತೆ ಎಂಬ ಮಾತೂ ಇದೆ. ಕಳ್ಳರಿಗೆ ದಾರಿ ಮೊದಲೇ ಗೊತ್ತು. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕದ್ದ ನಟರಾಜ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಸೇರಿತ್ತು. ಅದು ನಮ್ಮದೆಂದು ಸಾಬೀತು ಮಾಡಲು ನೆರವಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆಯೇ ತೆಗೆದಿಟ್ಟಿದ್ದ ಫೋಟೊ. 2014ರಲ್ಲಿ ನಟರಾಜ ಮನೆಗೆ ಬಂದ. ಫೋಟೊ ಇಲ್ಲದ ಮೂರ್ತಿ ಕಳುವಾದರೆ ಪೊಲೀಸರಿಗೆ ಏನೆಂದು ದೂರು ಕೊಡುತ್ತೀರಿ?

ಇನ್ನು ಫೋಟೊ ಬಳಗಗಳಿಗೆ ಎರಡು ಮಾತು. ಹವ್ಯಾಸಿ ಛಾಯಾಗ್ರಹಣದಲ್ಲಿ ಕರ್ನಾಟಕದ ಹೆಸರು ದೊಡ್ಡದು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ನಡೆದು ಬಂದಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಾಡು, ಹಕ್ಕಿಗಳನ್ನು ಮನೆಮನೆಗೆ ಮುಟ್ಟಿಸಿದರು. ಅಷ್ಟು ಶ್ರದ್ಧೆ ಕಟ್ಟಡಗಳಿಗೆ ಸಿಕ್ಕಿಲ್ಲ. ಕಟ್ಟಡವೆಂದರೆ ಬಹುಮಾನದ ಚಿತ್ರ: ಸಂಜೆಗೆಂಪಿನಲ್ಲಿ ಗೋಳಗುಮ್ಮಟ, ದೀಪ ಹಚ್ಚಿದ ಮೈಸೂರು ಅರಮನೆ, ಹಂಪಿಯ ಕಲ್ಲಿನ ರಥ. ಕಲಬುರಗಿ ಕಿಲ್ಲಾದೊಳಗಿನ 1367ರ ಜಾಮಾ ಮಸೀದಿಗೆ ಬಂದವರೂ ಕಮಾನುಗಳ ಸಾಲು ಕ್ಲಿಕ್ಕಿಸಿ ಹೊರಡುತ್ತಾರೆ. ನೀರು ಇಳಿದು ಕಪ್ಪಾದ ಮೂಲೆ, ಉದುರಿದ ಗಚ್ಚು, ಸಿಮೆಂಟು ಮೆತ್ತಿದ ತೇಪೆ ಯಾರಿಗೂ ಬೇಡ. ಕಿಲ್ಲಾದೊಳಗೆ ತಲೆಮಾರುಗಳಿಂದ ಮನೆ ಮಾಡಿಕೊಂಡವರಿದ್ದಾರೆ, ಅವರ ತೆರವಿನ ವ್ಯಾಜ್ಯ ಕೋರ್ಟಿನ ಮೆಟ್ಟಿಲೇರಿದೆ. ಆ ಮನೆಗಳೂ ಚೌಕಟ್ಟಿನಿಂದ ಹೊರಗೆ. ಚೆಂದಕ್ಕೆ ಅಡ್ಡ ಬರುವುದನ್ನೆಲ್ಲ ಕತ್ತರಿಸಿದ ಚಿತ್ರ ಗೋಡೆಗೆ ತೂಗುಹಾಕಲು ಸಾಕು, ಸಾಕ್ಷಿ ಹೇಳಲು ಸಾಲದು.

ಹೊರಗಿನವರು ಈ ಹುಚ್ಚನ್ನು ಹೇಗೆ ಕೆಲಸಕ್ಕೆ ಹಚ್ಚಿದರು ನೋಡಿ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾದ ವಿಕಿ ಲವ್ಸ್ ಮಾನ್ಯುಮೆಂಟ್ಸ್ ಸ್ಪರ್ಧೆಗೆ ಮರುವರ್ಷವೇ ಯುರೋಪಿನಿಂದ 1,60,000ಕ್ಕೂ ಹೆಚ್ಚು ಚಿತ್ರ ಬಂದವು. ಪ್ರತಿ ಚಿತ್ರವೂ ಯಾವ ಸ್ಮಾರಕದ್ದು ಎಂಬ ಗುರುತಿನೊಂದಿಗೆ ಎಲ್ಲರಿಗೂ ಮುಕ್ತ. ಭಾರತವೂ 2012ರಿಂದ ಅದರಲ್ಲಿ ಸೇರಿಕೊಂಡಿತು.

ನಮಗೆ ಅಷ್ಟು ದೊಡ್ಡದೂ ಬೇಡ. ಯಡ್ರಾಮಿ, ಜೇವರ್ಗಿ, ಆಳಂದ, ಅಫಜಲಪುರದ ಒಂದೊಂದು ಕಾಲೇಜು ಒಂದೊಂದು ಕಟ್ಟಡ ಹಿಡಿಯಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ, ನಿಂತ ಜಾಗದಲ್ಲೇ ನಿಂತು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಯಲಿ. ಗೋಡೆಯ ಬುಡವೂ ಬರಲಿ, ಅಳತೆಗೆ ಪಕ್ಕದಲ್ಲೊಂದು ಕೋಲು ಇರಲಿ. ದಿನಾಂಕ, ದಿಕ್ಕು, ಊರು ಕನ್ನಡದಲ್ಲಿ ಬರೆದಿಡಲಿ. ಮನೆ, ಹೊಲ ಇದ್ದಲ್ಲಿ ಮೊದಲು ಮನೆಯವರ ಒಪ್ಪಿಗೆ ಕೇಳಲಿ. ಜಿಲ್ಲಾಡಳಿತ ಇಂಥ ತಂಡಗಳಿಗೆ ಇಡೀ ವರ್ಷಕ್ಕೆ ಸಲ್ಲುವ ಒಂದೇ ಹಾಳೆಯ ಅನುಮತಿ ಸಿಗುವಂತೆ ಇಲಾಖೆಗಳೊಡನೆ ಮಾತಾಡಲಿ, ಟ್ರೈಪಾಡ್ ಸಮೇತ. ಚಿತ್ರಗಳ ಒಂದು ಪ್ರತಿ ಜಿಲ್ಲಾ ಗ್ರಂಥಾಲಯದಲ್ಲಿ ಎಲ್ಲರಿಗೂ ಸಿಗಲಿ.

ಕಲಬುರಗಿ, ಬೀದರ್, ವಿಜಯಪುರದ ಸ್ಮಾರಕಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿ ಕಾಯುತ್ತಿವೆ. ಪಟ್ಟ ಬರುವಾಗ ಬರಲಿ. ಅಲ್ಲಿಯತನಕ ಏನು ಉಳಿದಿದೆ, ಏನು ಹೋಯಿತು ಎಂಬ ಲೆಕ್ಕ ಇಡುವುದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಅದಕ್ಕೆ ಬೇಕಾದ ಕ್ಯಾಮೆರಾ ನಮ್ಮ ಹುಡುಗರ ಕೈಯಲ್ಲೇ ಇದೆ. ಅದನ್ನು ಗೇಟಿನಲ್ಲಿ ಕಿತ್ತಿಟ್ಟುಕೊಳ್ಳುವವರು, ನಾಳೆ ಗೋಡೆ ಬಿದ್ದಾಗ ಅದು ಹೇಗಿತ್ತು ಎಂದು ತೋರಿಸುವ ಹೊಣೆಯನ್ನೂ ಹೊರಲಿ.